ಕಾಯಿಸದ ನೀರು

ಎರಡನೆಯ ಕೊಡವನ್ನು ಸೊಂಟದಿಂದ ಇಳಿಸುವಷ್ಟರಲ್ಲಿ ಮಗಳ ಸೀರೆಯ ಒಂದು ಮಗ್ಗುಲು ತೊಯ್ದು ಬೆಚ್ಚಗಾಗಿತ್ತು. ಅಂಗಳದಲ್ಲಿ ಒಲೆ ಹೂಡಲು ಕಲ್ಲು ಜೋಡಿಸುತ್ತಿದ್ದ ಎದುರುಮನೆಯ ದರ್ಜಿಯಮ್ಮ ತಲೆಯೆತ್ತಿದಳು.

"ಎಲ್ಲಿಗೆ ಹೋಗಿದ್ಯೇ? ನಿಮ್ಮಪ್ಪನ ಸ್ನಾನಕ್ಕೆ ನೀರು ಕಾಯಿಸ್ಬೇಕು. ಸೌದೆ ನೋಡಿದ್ರೆ ಹಸಿ."

"ಕಾಯಿಸೋದು ಬೇಡ ಅತ್ತೆ. ಕಾದೇ ಬಂದಿದೆ."

ದರ್ಜಿಯಮ್ಮ ಕೊಡದೊಳಗೆ ಬೆರಳು ಅದ್ದಿದಳು, ಆಮೇಲೆ ಅಂಗೈ ಪೂರ್ತಿ ಅದ್ದಿದಳು. "ಕಾಲುವೆದಾ?"

"ಹೂಂ. ಅಪ್ಪ ಹೇಳಿಟ್ಟಿದ್ರು. ನನ್ನ ಸ್ನಾನಕ್ಕೆ ಅದೇ ನೀರು ಹಾಕು ಅಂತ."

"ಹೋಗ್ತಾ ಹೋಗ್ತಾನೂ ಸೌದೆ ಉಳಿಸ್ದ ಪುಣ್ಯಾತ್ಮ," ಎಂದು ದರ್ಜಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಗಳು ಅಳಲಿಲ್ಲ. ಅಳುವುದಕ್ಕೆ ನಾಳೆಯೂ ಇದೆ, ಇದಕ್ಕೆ ಇವತ್ತೊಂದೇ ದಿನ ಎಂದುಕೊಂಡು ಮೂರನೆಯ ಕೊಡಕ್ಕೆ ಹೊರಟಳು.

ವಿದ್ಯುತ್ ಸ್ಥಾವರದ ಯಂತ್ರಗಳನ್ನು ತಣಿಸಿ ತಾನು ಕಾದ ನೀರು ಆ ಕಾಲುವೆಯಲ್ಲಿ, ಮನೆಯಿಂದ ಇನ್ನೂರು ಹೆಜ್ಜೆ ಆಚೆ, ನದಿಗೆ ಹೋಗುತ್ತಿತ್ತು. ಇಪ್ಪತ್ತಾರು ವರ್ಷ ದಿನಕ್ಕೆ ಮೂರು ಸಲ ಅದಕ್ಕೆ ಥರ್ಮಾಮೀಟರ್ ಇಳಿಸಿ ಪುಸ್ತಕದಲ್ಲಿ ಬರೆದಿಡುವುದು ಅಪ್ಪನ ಕೆಲಸ. ಊರಿಗೆಲ್ಲ ಅವನು ಡಿಗ್ರಿಯಪ್ಪ. ಮಗಳು ನರ್ಸ್ ಆದಾಗ, "ನೀನು ಜನರ ಜ್ವರ ನೋಡು, ನಾನು ನದೀದು ನೋಡ್ತೀನಿ," ಎಂದು ನಕ್ಕಿದ್ದ.

ಸೋದರಮಾವ ಬೇಲಿಯ ಹೊರಗೇ ಕೂತಿದ್ದ. ಮೀನು ಹಿಡಿದು ಬದುಕಿದವನು. ಈಗ ದೋಣಿ ಮಾರಿ ಗೋದಾಮು ಕಾಯುತ್ತಾನೆ.

"ಒಳಗೆ ಬನ್ನಿ ಮಾವ. ಹೆಗಲು ಕೊಡೋಕೆ ಒಬ್ರು ಕಮ್ಮಿ ಇದಾರೆ."

"ಬಂದಿದೀನಲ್ಲ, ಸಾಕು. ಹೆಗಲಿನ ಮಾತು ಅವತ್ತೇ ಆಡಿ ಮುಗ್ಸಿದೀನಿ."

*

ಅವತ್ತು ಎಂದರೆ ಹದಿನಾಲ್ಕು ವರ್ಷದ ಹಿಂದಿನ ಒಂದು ಬೇಸಿಗೆ. ಬೆಳಗಾಗುವುದರೊಳಗೆ ನದಿಯ ಮೇಲೆಲ್ಲ ಮೀನಿನ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಬಿಸಿಯಾದ ನೀರಿನಲ್ಲಿ ಪ್ರಾಣವಾಯು ಕರಗಿ ನಿಲ್ಲುವುದು ಕಡಿಮೆ. ಮೀನಿಗೋ ಅದೇ ಬಿಸಿಗೆ ಉಸಿರು ಹೆಚ್ಚು ಬೇಕಾಗುತ್ತದೆ. ಮೀನುಗಾರರು ಸ್ಥಾವರದ ಕಚೇರಿಗೆ ನುಗ್ಗಿದರು. ಮ್ಯಾನೇಜರ್ ಶಾಂತವಾಗಿ ಪುಸ್ತಕ ಬಿಡಿಸಿ ತೋರಿಸಿದ. ಮಿತಿ ಮೂವತ್ತೈದು, ಒಂದು ದಿನವೂ ದಾಟಿಲ್ಲ. ಪ್ರತಿ ಸಾಲಿಗೂ ಡಿಗ್ರಿಯಪ್ಪನ ಸಹಿ.

"ಭಾವ, ಇದು ನಿನ್ನ ಸಹೀನಾ?"

"ನಂದೇ."

"ಹಾಗಾದ್ರೆ ಕೇಳು. ನಾಳೆ ನಿನ್ನ ಹೆಣಕ್ಕೂ ನಾನು ಹೆಗಲು ಕೊಡಲ್ಲ."

ಆ ಸಂಜೆ ಅಪ್ಪ ಕಾಲುವೆಯ ನೀರನ್ನು ಬಕೆಟ್ಟಿನಲ್ಲಿ ತಂದು, ಮಗಳ ಮುಂದೆ ಥರ್ಮಾಮೀಟರ್ ಅದ್ದಿದ. ನಲವತ್ತೆರಡು. ಮೇಲೆತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ಇಪ್ಪತ್ತು ಎಣಿಸಿದ. ಗಾಳಿಗೆ ಒದ್ದೆ ಆರುತ್ತಿದ್ದಂತೆ ಪಾದರಸ ಮೂವತ್ತನಾಲ್ಕಕ್ಕೆ ಜಾರಿತು.

"ಕೆಲಸಕ್ಕೆ ಸೇರಿದ ದಿನ ಮ್ಯಾನೇಜರ್ ಹೀಗೇ ಕಲಿಸಿದ್ರು. ಓದೋ ಕ್ರಮಾನೇ ಇದು ಅಂದ್ಕೊಂಡಿದ್ದೆ."

"ತಪ್ಪು ಅಂತ ಯಾವಾಗ ಗೊತ್ತಾಯ್ತು?"

"ಗೊತ್ತಾದಾಗ ನಿನ್ನ ಓದು ನಡೀತಿತ್ತು." ಅವನು ಸ್ಥಾವರದ ತಣಿಸುವ ಗೋಪುರದತ್ತ ಕೈ ತೋರಿಸಿದ. "ಅದರ ತಲೆ ಮೇಲಿರೋ ಫ್ಯಾನ್ ಹಾಕಿದ್ರೆ ಸಾಕು, ನೀರು ಆರಿ ಮೂವತ್ತೆರಡಕ್ಕೆ ಇಳಿಯುತ್ತೆ. ಕರೆಂಟು ತಿನ್ನುತ್ತೆ ಅಂತ ಹಾಕಲ್ಲ. ತನಿಖೆ ದಿನ ಮಾತ್ರ ತಿರುಗ್ತವೆ."

*

ಸ್ನಾನ ಮುಗಿದು ಹೊಸ ಬಟ್ಟೆ ಹೊದಿಸುವ ಹೊತ್ತಿಗೆ ಕಾರು ಬಂತು. ಮ್ಯಾನೇಜರ್ ದೊಡ್ಡ ಹೂವಿನ ಚಕ್ರ ಹಿಡಿದು ಇಳಿದ. ಬೆನ್ನಿಗೆ ಮಾಲಿನ್ಯ ತಡೆ ಇಲಾಖೆಯ ಅಧಿಕಾರಿ, ಎಳೆಯ ವಯಸ್ಸಿನವನು. ತನಿಖೆ ಇದ್ದದ್ದು ಮರುದಿನ. ಒಂದು ದಿನ ಮುಂಚೆ ಬಂದ ಅತಿಥಿಗೆ ತನ್ನ ಒಳ್ಳೆಯತನವನ್ನೂ ತೋರಿಸಿಬಿಡೋಣ ಎಂದು ಮ್ಯಾನೇಜರ್ ಕರೆತಂದಿದ್ದ. ಅಧಿಕಾರಿ ಊರಿಗೆ ಬಂದಿರುವ ಸುದ್ದಿ ಮಗಳಿಗೆ ಬೆಳಿಗ್ಗೆಯೇ ಮುಟ್ಟಿತ್ತು.

"ಇಂಥ ಪ್ರಾಮಾಣಿಕ ಮನುಷ್ಯ ಸಿಗಲ್ಲ ಸರ್," ಎಂದ ಮ್ಯಾನೇಜರ್, ಹೆಣದ ಮುಂದೆ ನಿಂತು. "ಇಪ್ಪತ್ತಾರು ವರ್ಷ, ಒಂದು ಡಿಗ್ರಿ ಹೆಚ್ಚುಕಮ್ಮಿ ಇಲ್ಲ."

"ಕೈಗೆ ಹೂವಿನ ಚಕ್ರದ ಬಣ್ಣ ಹತ್ತಿದೆ ಸರ್. ತೊಳ್ಕೊಳ್ಳಿ," ಎಂದು ಮಗಳು ಚೊಂಬಿನಿಂದ ನೀರು ಹೊಯ್ದಳು.

"ಅಯ್ಯೋ, ಈ ದುಃಖದಲ್ಲೂ ನಮಗೋಸ್ಕರ ನೀರು ಕಾಯಿಸಿದ್ಯೇನಮ್ಮ?"

"ನಾವು ಕಾಯಿಸಿಲ್ಲ ಸರ್. ನೀವೇ ಕಾಯಿಸಿದ್ದು."

ಮಗಳು ಅಪ್ಪನ ಥರ್ಮಾಮೀಟರನ್ನು ತುಂಬಿದ ಕೊಡದೊಳಗೆ ಇಳಿಸಿ ಅಧಿಕಾರಿಯತ್ತ ತಿರುಗಿದಳು. "ಈಗಷ್ಟೇ ಕಾಲುವೆಯಿಂದ ತಂದಿದ್ದು. ದಾರೀಲಿ ಒಂದು ಡಿಗ್ರಿ ಆರಿರ್ಬೋದು."

"ಕೊಡಿಲ್ಲಿ, ನಾನು ನೋಡ್ತೀನಿ," ಎಂದು ಮ್ಯಾನೇಜರ್ ಥರ್ಮಾಮೀಟರನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದ. ಅವನಿಗೇ ತಿಳಿಯದಂತೆ ತುಟಿ ಅಲ್ಲಾಡುತ್ತಿತ್ತು.

"ಎಷ್ಟಾಯ್ತು ಸರ್? ಇಪ್ಪತ್ತರ ತನಕ ಎಣಿಸ್ಬೇಕಲ್ವಾ? ಅಪ್ಪನಿಗೆ ಕಲಿಸಿದ್ದು ಹಾಗೇ ತಾನೆ?"

ಅಧಿಕಾರಿ ಅದನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ನೀರಿಗಿಳಿಸಿ, ಕೊಡದ ಮೇಲೆ ಬಗ್ಗಿ ಓದಿದ. ನಲವತ್ತೊಂದು. ಆಮೇಲೆ ಮೇಲೆತ್ತಿ ಗಾಳಿಗೆ ಹಿಡಿದು, ಪಾದರಸ ಇಳಿಯುವುದನ್ನು ಕೊನೆಯವರೆಗೂ ನೋಡಿದ.

"ಅವನಿಗೇನು ಗೊತ್ತಾಗ್ತಿತ್ತು ಸರ್, ಓದಿಲ್ಲದವನು, ಏನೋ ತಪ್ಪು ಮಾಡಿದಾನೆ," ಎಂದ ಮ್ಯಾನೇಜರ್.

"ಓದಿಲ್ಲದವನು, ಹೌದು," ಎಂಬ ದನಿ ಬೇಲಿಯ ಕಡೆಯಿಂದ ಬಂತು. ಸೋದರಮಾವ ಎದ್ದು ನಿಂತಿದ್ದ. "ಅದಕ್ಕೇ ಹೇಳ್ತೀನಿ. ಇಷ್ಟು ಚೆನ್ನಾಗಿ ಸುಳ್ಳು ಹೇಳೋ ವಿದ್ಯೆ ನಮ್ಮ ಭಾವನ ತಲೇಲಿ ಹುಟ್ಟೋದಲ್ಲ."

ಮ್ಯಾನೇಜರ್ ಅಧಿಕಾರಿಯ ಕಡೆ ತಿರುಗಿದ. "ಗೋಪುರದ ಫ್ಯಾನ್‌ಗಳು ಒಂದು ಗಂಟೆ ಕೂಡ ನಿಂತಿಲ್ಲ ಸರ್. ನಾಳೆ ನೀವೇ ನೋಡಿ."

"ನಾಳೆ ಯಾಕೆ? ಸ್ಮಶಾನಕ್ಕೆ ಹೊರಟ ಇವರ ಜೊತೆ ಕಾಲುವೆ ದಂಡೆ ಮೇಲೆ ಈಗಲೇ ನಡ್ಕೊಂಡು ಹೋಗ್ತೀನಿ."

ಮ್ಯಾನೇಜರ್ ಕಾರಿನ ಹಿಂದಕ್ಕೆ ಸರಿದು ಫೋನು ಕಿವಿಗಿಟ್ಟುಕೊಂಡ. ಚಟ್ಟ ಎತ್ತಲು ಬಗ್ಗಿದವರನ್ನು ಮಗಳು ತಡೆದಳು.

"ಸ್ವಲ್ಪ ತಾಳಿ. ಅವರ ಮಾತು ಮುಗೀಲಿ."

"ಯಾಕೆ?" ಎಂದಳು ದರ್ಜಿಯಮ್ಮ.

"ಮುಗೀಲಿ ಅತ್ತೆ."

ಹಿಂದಿನ ತನಿಖೆಯಾಗಿ ಎರಡು ವರ್ಷವಾಗಿತ್ತು. ಈ ಎರಡು ವರ್ಷವೂ ಹಕ್ಕಿಗಳು ಹುಲ್ಲು ಕಚ್ಚಿಕೊಂಡು ಗೋಪುರದ ತಲೆಗೆ ಹಾರುವುದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಈ ವರ್ಷದ ಮರಿಗಳು ಹಾರಿಹೋಗಿ ತಿಂಗಳಾಗಿತ್ತು.

ಫೋನು ಜೇಬಿಗೆ ಹೋಯಿತು. ಚಟ್ಟ ಮೇಲೆದ್ದಿತು. ನಾಲ್ಕನೆಯ ಮೂಲೆಗೆ ಸೋದರಮಾವ ಯಾರನ್ನೂ ಕೇಳದೆ ಬಂದು ಹೆಗಲು ಕೊಟ್ಟ.

ದಂಡೆಯ ಮೇಲೆ ನೂರು ಹೆಜ್ಜೆ ಹೋಗಿರಬಹುದು, ಗೋಪುರದ ನೆತ್ತಿಯಲ್ಲಿ ಏನೋ ಕಿರುಗುಟ್ಟಿ, ತಡವರಿಸಿ, ಆಮೇಲೆ ಒಂದೇ ಸಮನೆ ಮೊರೆಯತೊಡಗಿತು. ಎಲ್ಲರೂ ಮೇಲೆ ನೋಡಿದರು. ಒಣಹುಲ್ಲು, ಗರಿ, ದಾರದ ತುಂಡು, ಇಡಿ ಇಡೀ ಗೂಡುಗಳು ಆಕಾಶಕ್ಕೆ ಚಿಮ್ಮಿ, ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ, ಕಾಲುವೆಯ ಮೇಲೆ, ಚಟ್ಟದ ಬಿಳಿ ಬಟ್ಟೆಯ ಮೇಲೆ, ಮ್ಯಾನೇಜರನ ಎಣ್ಣೆ ಹಚ್ಚಿದ ಕೂದಲ ಮೇಲೆ ಇಳಿಯತೊಡಗಿದವು. ಅಧಿಕಾರಿ ತನ್ನ ತೋಳಿನ ಮೇಲೆ ಬಿದ್ದ ಒಂದು ಹುಲ್ಲುಕಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ ನೋಡಿ, ತನ್ನ ಪುಸ್ತಕದ ಹಾಳೆಗಳ ನಡುವೆ ಇಟ್ಟು ಮುಚ್ಚಿದ.