ಏಳು ಡಬ್ಬಿಗಳಿಗೆ ಬೀಗ

ಆ ಊರಿನ ಬೀಗದವನು ತೆರೆಯಲಾಗದ ಬೀಗ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಅವನು ಕೈಯಲ್ಲಿ ತಂತಿ ಹಿಡಿದು ಬೀದಿಯಲ್ಲಿ ನಡೆದರೆ ಎರಡೂ ಬದಿಯ ಬಾಗಿಲುಗಳು ಮರ್ಯಾದೆಗಾಗಿ ತಾವೇ ತೆರೆದುಕೊಳ್ಳುತ್ತಿದ್ದವು. ಒಮ್ಮೆ ಅವನು ಸೀನಿದ್ದಕ್ಕೆ ಬ್ಯಾಂಕಿನ ತಿಜೋರಿ ಬಾಯಿ ಬಿಟ್ಟಿತ್ತು. ಅದಕ್ಕೆ ಸಾಕ್ಷಿ ಬೇಕೆಂದರೆ ಅವನೇ ಇದ್ದಾನೆ. ಅಂಥವನಿಗೆ ಆ ಚಳಿಗಾಲದಲ್ಲಿ ಒಂದು ಬಾಗಿಲು ಸವಾಲು ಹಾಕಿತು. ಅದಕ್ಕೆ ಬೀಗ ಹಾಕಿರಲಿಲ್ಲ, ಚಿಲಕವನ್ನೂ ಹಾಕಿರಲಿಲ್ಲ, ಹಗಲೆಲ್ಲ ಹಾರು ಹೊಡೆದೇ ಇರುತ್ತಿತ್ತು. ಅದು ಪಕ್ಕದಲ್ಲೇ ಇದ್ದ ಅವನ ಅಕ್ಕನ ಮನೆಯ ಬಾಗಿಲು. ಅಕ್ಕ ಅದನ್ನು ದಾಟಿ ಹೊರಗೆ ಬರುತ್ತಿರಲಿಲ್ಲ.

ಅಕ್ಕನೆಂದರೆ ಸಾಮಾನ್ಯಳಲ್ಲ, ಅಂಚೆಯಕ್ಕ. ಇಪ್ಪತ್ತಾರು ವರ್ಷ ಹೆಗಲಿಗೆ ಚೀಲ ಹಾಕಿಕೊಂಡು ಅವಳು ನಡೆದ ದಾರಿಯನ್ನು ನೇರಮಾಡಿ ಎಳೆದಿದ್ದರೆ ಚಂದ್ರನಲ್ಲಿಗೆ ಹೋಗಿ, ಅಲ್ಲೊಂದು ರಿಜಿಸ್ಟರ್ ಪತ್ರ ಕೊಟ್ಟು, ಸಹಿ ಹಾಕಿಸಿಕೊಂಡು ವಾಪಸು ಬರಬಹುದಿತ್ತು. ಲಕೋಟೆಯ ಮೇಲೆ ಬರೀ ‘ದಪ್ಪ ಮೀಸೆಯವರಿಗೆ’ ಎಂದು ಬರೆದಿದ್ದರೂ ಸಂಜೆಯೊಳಗೆ ಆ ಮೀಸೆಗೆ ತಲುಪಿಸಿದವಳು. ಇಂಥ ಅಕ್ಕ ಎರಡು ತಿಂಗಳ ಹಿಂದೆ, ಇಬ್ಬನಿ ಹೆಪ್ಪುಗಟ್ಟಿದ ಒಂದು ಬೆಳಗ್ಗೆ, ತನ್ನದೇ ಮನೆಯ ಮೆಟ್ಟಿಲ ಮೇಲೆ ಜಾರಿಬಿದ್ದು ಕಾಲು ಮುರಿದುಕೊಂಡಳು. ಬಿದ್ದ ಸದ್ದಿಗೆ ಮೂರು ಬೀದಿಯಾಚೆ ಹಾಲಿನ ಪಾತ್ರೆಗಳು ಅಲುಗಾಡಿದವಂತೆ.

‘ಮೂಳೆ ಕೂಡಿದೆ. ಇನ್ನು ಕೂಡಬೇಕಾದ್ದು ಧೈರ್ಯ, ಅದಕ್ಕೆ ನನ್ನ ಹತ್ರ ಮದ್ದಿಲ್ಲ’ ಎಂದು ವೈದ್ಯರು ಕೈತೊಳೆದುಕೊಂಡರು.

ಆಮೇಲೆ ಕಚೇರಿಯಿಂದ ಪತ್ರ ಬಂತು. ಅಕ್ಕನ ಬದಲಿಗೆ ಬಂದ ಹೊಸಬ ಅದನ್ನು ಮೊದಲು ನಾಲ್ಕು ತಪ್ಪು ಮನೆಗೆ ಕೊಟ್ಟು, ಐದನೆಯದಾಗಿ ಅಕ್ಕನಿಗೆ ತಲುಪಿಸಿದ. ಅವಳ ಅರ್ಧ ಜೀವ ಅಲ್ಲೇ ಹೋಯಿತು. ಮೂರು ವಾರ ಕಳೆದ ಮೇಲಿನ ಸೋಮವಾರ ಅಧಿಕಾರಿಯೊಬ್ಬರು ಬರುತ್ತಾರೆ, ಅವರೆದುರು ಯಾರ ಆಸರೆಯೂ ಇಲ್ಲದೆ ಇಡೀ ಸುತ್ತು, ಐದು ಕಿಲೋಮೀಟರ್, ನಡೆದು ತೋರಿಸಬೇಕು. ಆಗದಿದ್ದರೆ ಕೌಂಟರಿನಲ್ಲಿ ಕೂತು ಮುದ್ರೆ ಒತ್ತುವ ಕೆಲಸ. ಹೀಗಿತ್ತು ಒಕ್ಕಣೆ.

‘ಕೌಂಟರು ಅಂದ್ರೆ ಒಳ್ಳೇದೇ ಅಲ್ವಾ ಅಕ್ಕ? ಹೀಟರಿರತ್ತೆ, ಕುರ್ಚಿಯಿರತ್ತೆ’ ಎಂದ ಬೀಗದವನು.

‘ನಿನ್ನನ್ನ ಬಾಗಿಲೇ ಇಲ್ಲದ ಊರಿಗೆ ಕಳಿಸಿದ್ರೆ ಹೇಗಿರತ್ತೋ ನಿಂಗೆ?’

‘ಹಾಗಾದ್ರೆ ಎದ್ದು ನಡಿ ಮತ್ತೆ.’

‘ನೋಡೋಣ’ ಎಂದಳು ಅಕ್ಕ. ಹೊಸ್ತಿಲವರೆಗೆ ಬಂದಳು, ಮೆಟ್ಟಿಲು ನೋಡಿದಳು, ಮುಖ ಬಿಳಿಚಿತು, ಒಳಗೆ ಹೋಗಿ ಕಂಬಳಿ ಹೊದ್ದಳು. ಅವಳ ಕಾಲ ಬಳಿ ದೊರೆ ಮಲಗಿತ್ತು. ದೊರೆಯೆಂದರೆ ಅವಳ ನಾಯಿ. ಎರಡು ತಿಂಗಳು ಮನೆಯಲ್ಲೇ ತಿಂದು ತಿಂದು ಅದು ಎಷ್ಟು ಉಬ್ಬಿತ್ತೆಂದರೆ, ಅದು ಮಗ್ಗುಲು ಬದಲಿಸಿದಾಗ ಮನೆಯೇ ಸ್ವಲ್ಪ ಆ ಕಡೆಗೆ ವಾಲುತ್ತಿತ್ತು.

ಅದೇ ವಾರ ಊರಿನ ಭೂಗೋಳದ ಮೇಡಂ ಕೀ ಒಳಗಿಟ್ಟು ಬಾಗಿಲು ಎಳೆದುಕೊಂಡು ಹೊರಗೆ ಸಿಕ್ಕಿಕೊಂಡರು. ಬೀಗದವನು ಕಣ್ಣು ಮಿಟುಕಿಸುವುದರೊಳಗೆ ಬಾಗಿಲು ತೆರೆದ. ಮೇಡಂ ಹೇಳುವ ಪ್ರಕಾರ ನಲವತ್ತು ನಿಮಿಷ ಹಿಡಿಯಿತು. ಇರಲಿ, ಚಳಿಯಲ್ಲಿ ನಿಂತವರಿಗೆ ಹಾಗೆ ಅನ್ನಿಸುತ್ತದೆ. ಆ ನಲವತ್ತು ನಿಮಿಷದಲ್ಲಿ ಅವರು ತಮ್ಮ ಹವ್ಯಾಸದ ಬಗ್ಗೆ ಹೇಳಿದರು. ಜಿಯೋಕ್ಯಾಶಿಂಗ್ ಅಂತ ಅದರ ಹೆಸರು. ಯಾರೋ ಒಬ್ಬರು ಪುಟ್ಟ ಡಬ್ಬಿಯೊಂದನ್ನು ಕಲ್ಲಿನಡಿಯೋ ಪೊಟರೆಯಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಫೋನಿನ ಆಪ್‌ನಲ್ಲಿ ಹಾಕುತ್ತಾರೆ. ಉಳಿದವರು ಹುಡುಕಿಕೊಂಡು ಹೋಗಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಮೇಡಂ ಸ್ವತಃ ಕಾಲುವೆಯ ದಂಡೆಯುದ್ದಕ್ಕೂ ಏಳು ಡಬ್ಬಿ ಬಚ್ಚಿಟ್ಟಿದ್ದರು.

ಬೀಗದವನ ತಲೆಯಲ್ಲಿ ಕ್ಲಿಕ್ಕೆಂದಿತು. ನೇರ ಅಕ್ಕನ ಮನೆಗೆ ಬಂದು ಫೋನು ಹಿಡಿದ.

‘ಅಕ್ಕ, ಇಲ್ಲೊಂದು ವಿಳಾಸ ಇದೆ ನೋಡು. ಮನೆ ನಂಬರಿಲ್ಲ, ಬೀದಿಯಿಲ್ಲ, ಹೆಸರಿಲ್ಲ. ಬರೀ ಅಂಕಿ.’

‘ಇದೂ ಒಂದು ವಿಳಾಸವೇನೋ? ಯಾವ ಅಯೋಗ್ಯ ಬರೆದಿದ್ದು?’

‘ಯಾರೋ. ಬಿಡು, ಇದನ್ನ ಹುಡುಕೋಕೆ ಯಾರಿಂದಲೂ ಆಗಲ್ಲ. ನಿನ್ನಿಂದಂತೂ...’

‘ನನ್ನಿಂದಂತೂ ಏನು? ಬಾಯಿ ಮುಚ್ಕೊಂಡು ಬೂಟು ಕೊಡಿಲ್ಲಿ!’

ಮೊದಲ ಡಬ್ಬಿ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ತಮ್ಮನ ರಟ್ಟೆ. ಅವಳು ಹಿಡಿದ ಹಿಡಿತಕ್ಕೆ ಅವನ ರಟ್ಟೆಯಲ್ಲಿ ಐದು ಬೆರಳ ಗುರುತು ಬಿದ್ದು, ಮುಂದಿನ ವಾರ ಸ್ನಾನ ಮಾಡುವಾಗಲೂ ಅಲ್ಲೇ ಇದ್ದವು. ಆದರೆ ದೊರೆ ಪ್ರತಿ ಕಂಬಕ್ಕೂ ನಿಂತು ಕ್ಷೇಮಸಮಾಚಾರ ವಿಚಾರಿಸುತ್ತಿದ್ದುದರಿಂದ ಅಕ್ಕನಿಗೆ ಉಸಿರೆಳೆದುಕೊಳ್ಳಲು ಪುರುಸೊತ್ತು ಸಿಗುತ್ತಿತ್ತು. ಕಾಲುವೆ ಪಕ್ಕದ ಉದ್ಯಾನದ ಗೇಟಿನ ಬಳಿ ಬಂದಾಗ ಫೋನಿನ ಬಾಣ ತಲೆಕೆಟ್ಟವರ ಹಾಗೆ ಗಿರಗಿರ ತಿರುಗಿತು. ಬೀಗದವನು ಪೊದೆಗೆಲ್ಲ ತಲೆ ತೂರಿಸಿ ಬೆವರಿದ. ಅಕ್ಕ ನಿಂತಲ್ಲೇ ಒಮ್ಮೆ ಸುತ್ತ ಕಣ್ಣಾಡಿಸಿದಳು.

‘ಆ ಕಲ್ಲು ಎತ್ತು.’

‘ಅದೇ ಯಾಕೆ?’

‘ಎಲ್ಲ ಕಲ್ಲಿಗೂ ಪಾಚಿ ಹಿಡಿದಿದೆ, ಅದೊಂದಕ್ಕಿಲ್ಲ. ಯಾರೋ ಆಗಾಗ ಎತ್ತಿಡ್ತಾರೆ.’

ಕಲ್ಲಿನಡಿ ಡಬ್ಬಿ ಇತ್ತು. ಅಕ್ಕ ಚೀಟಿಯಲ್ಲಿ ಹೆಸರು ಬರೆಯುವಾಗ ಅವಳ ಮುಖದಲ್ಲಿ ಎರಡು ತಿಂಗಳಲ್ಲಿ ಮೊದಲ ಸಲ ನಗೆಯ ಗೆರೆಯೊಂದು ಕಾಣಿಸಿತು.

ಎರಡು ವಾರದಲ್ಲಿ ಇಬ್ಬರೂ ದಿನಕ್ಕೆ ಅರ್ಧ ಡಬ್ಬಿಯಂತೆ ಏಳನ್ನೂ ಹುಡುಕಿದರು. ದೊರೆಗೆ ಸೊಂಟವೆಂಬುದೊಂದು ಮತ್ತೆ ಕಾಣಿಸಿಕೊಂಡಿತು. ಆದರೂ ತಮ್ಮನ ರಟ್ಟೆ ಬಿಟ್ಟು ಅಕ್ಕ ಒಂದೇ ಒಂದು ಹೆಜ್ಜೆ ಇಡಲಿಲ್ಲ. ಅವನು ಕೆಮ್ಮಲೆಂದು ಕೈ ಎಳೆದುಕೊಂಡರೂ ಮರ ತಬ್ಬಿ ನಿಲ್ಲುತ್ತಿದ್ದಳು. ಅಧಿಕಾರಿಯೆದುರು ತಮ್ಮನನ್ನು ಚೀಲದಲ್ಲಿ ಹಾಕಿಕೊಂಡು ಹೋಗಲಾದೀತೆ?

ಈ ನಡುವೆ ಬೀಗದವನು ಒಂದು ಘನಕಾರ್ಯ ಮಾಡಿದ. ಏಳೂ ಡಬ್ಬಿಗಳಿಗೆ ಬೀಗವಿಲ್ಲವೆಂಬುದು ಮೊದಲ ದಿನದಿಂದಲೇ ಅವನ ಎದೆಯಲ್ಲಿ ಮುಳ್ಳಾಗಿತ್ತು. ಹೋದವರು ಬಂದವರೆಲ್ಲ ಮುಚ್ಚಳ ತೆರೆಯುವುದೆಂದರೇನು! ಅವನು ಉಗುರಿನಷ್ಟು ದೊಡ್ಡ ಏಳು ಹಿತ್ತಾಳೆ ಬೀಗಗಳನ್ನು ತಯಾರಿಸಿದ. ಇರುವೆಗಳು ತಮ್ಮ ಮನೆಗೆ ಹಾಕಿಕೊಳ್ಳಬಹುದಾದಷ್ಟು ಚಂದದ ಬೀಗಗಳು. ಅಕ್ಕ ಕಂಬ ಹಿಡಿದು ನಿಂತು ನಾಯಿಯನ್ನು ಅದರಿಂದ ಬಿಡಿಸುವಷ್ಟರಲ್ಲಿ ಕೊಂಡಿ ಕೂರಿಸಿ, ಬೀಗ ಜಡಿದು, ಕೀ ಜೇಬಿಗಿಳಿಸುತ್ತಿದ್ದ. ಯಾರಿಗೂ ಹೇಳಲಿಲ್ಲ. ಉಪಕಾರ ಮಾಡಿ ಡಂಗುರ ಹೊಡೆಯುವ ಜಾಯಮಾನ ಅವನದಲ್ಲ, ಆ ಒಂದು ಸಲ.

ಪರೀಕ್ಷೆಗೆ ಎರಡೇ ದಿನ ಉಳಿದಿದ್ದ ಶನಿವಾರ ಬೆಳಗ್ಗೆ ಮೇಡಂ ಅಂಗಡಿಗೆ ಬಂದರು.

‘ಬೀಗದವರೇ, ಈ ಊರಲ್ಲಿ ಉಗುರಿನಷ್ಟು ಬೀಗ ಮಾಡೋರು ಯಾರಿದಾರೆ?’

‘ನಾನೊಬ್ಬನೇ ಮೇಡಂ!’ ಬೀಗದವನ ಎದೆ ಅಂಗಡಿಯ ಅಗಲಕ್ಕೆ ಉಬ್ಬಿತು. ‘ಅಕ್ಕಪಕ್ಕದ ಏಳು ಊರಿಗೂ ನಾನೊಬ್ಬನೇ. ಬೇರೆಯವರ ಕೈಲಿ ಅದನ್ನ ಹಿಡ್ಕೊಳ್ಳೋಕೂ ಆಗಲ್ಲ.’

‘ಹಾಗೋ? ಹಾಗಾದ್ರೆ ಇದನ್ನ ಓದಿ.’

ಡಬ್ಬಿ ಹುಡುಕಿ ಹೋದವರು ಆಪ್‌ನಲ್ಲಿ ಬರೆದಿದ್ದ ಸಾಲುಗಳನ್ನು ತೆರೆದು ಮೇಡಂ ಫೋನು ಮುಂದಿಟ್ಟರು. ‘ಡಬ್ಬಿ ಸಿಕ್ಕಿತು, ತೆರೆಯಲಿಲ್ಲ.’ ‘ಸಿಕ್ಕಿತು, ಕಲ್ಲಿನಿಂದ ಕುಟ್ಟಿದೆ, ಕಲ್ಲು ಒಡೆಯಿತು.’ ‘ಸಿಕ್ಕಿತು, ಕಚ್ಚಿದೆ, ದಂತವೈದ್ಯರ ವಿಳಾಸ ತಿಳಿಸಿ.’

‘ಕಲ್ಲು ಒಡೀತಾ?’ ಎಂದ ಬೀಗದವನು, ಖುಷಿ ತಡೆಯಲಾರದೆ.

‘ನಗಬೇಡಿ! ಇವತ್ತು ಹನ್ನೆರಡಕ್ಕೆ ಬೇರೆ ಬೇರೆ ಊರಿಂದ ನಲವತ್ತು ಜನ ಡಬ್ಬಿ ಹುಡುಕೋಕೆ ಬರ್ತಿದಾರೆ. ಅಷ್ಟರೊಳಗೆ ಏಳೂ ಬೀಗ ತೆಗೀಬೇಕು. ಇಲ್ಲಾಂದ್ರೆ ಏಳನ್ನೂ ಇವತ್ತೇ ಎತ್ತಿಬಿಡ್ತೀನಿ. ನಾನೀಗ ಅವರನ್ನ ಕರ್ಕೊಂಡು ಬರೋಕೆ ಸ್ಟೇಷನ್ನಿಗೆ ಹೋಗ್ಬೇಕು.’

ಬೀಗದವನ ಉಬ್ಬಿದ ಎದೆ ಟುಸ್ಸೆಂದಿತು. ಡಬ್ಬಿ ಹೋದರೆ ನಡಿಗೆ ಹೋಯಿತು, ಭಾನುವಾರದ ಕೊನೆಯ ಅಭ್ಯಾಸ ಹೋಯಿತು. ಅಕ್ಕ ಮತ್ತೆ ಕಂಬಳಿಯೊಳಗೆ. ಕೀಗಳನ್ನು ಎತ್ತಿಕೊಂಡು ಹೊರಡಬೇಕು, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬೇಕರಿಯವನ ಹೆಂಡತಿ. ಬೇಕರಿಯವನು ಬೆಣ್ಣೆ ತರಲು ತಣ್ಣನೆ ಕೋಣೆಗೆ ಹೋಗಿದ್ದಾನೆ, ಹಿಂದೆ ಬಾಗಿಲು ಕಚ್ಚಿಕೊಂಡಿದೆ, ಒಳಗಿಂದ ಬಡಿಯುವ ಸದ್ದು ನಿಧಾನವಾಗುತ್ತಿದೆ.

ಇಂಥ ಕರೆಗೆ ಆಮೇಲೆ ಬರುತ್ತೇನೆ ಎನ್ನುವ ಹಾಗಿಲ್ಲ. ಬೀಗದವನು ಓಡಿದ, ದಾರಿಯಲ್ಲಿ ಅಕ್ಕನ ಮನೆಗೆ ನುಗ್ಗಿ, ಒಂದೇ ಉಸಿರಿಗೆ ಎಲ್ಲ ಒದರಿ, ಏಳು ಕೀಗಳನ್ನು ಮೇಜಿನ ಮೇಲೆ ಸುರಿದ.

‘ಡಬ್ಬಿಗೆ ಬೀಗ ಹಾಕಿದ್ಯಾ?’ ಅಕ್ಕ ಹಣೆ ಚಚ್ಚಿಕೊಂಡಳು. ‘ನಿನ್ನನ್ನ ಹೆತ್ತಾಗ ಅಮ್ಮ ನಿನ್ನ ಬಾಯಿಗೂ ಒಂದು ಬೀಗ ಹಾಕ್ಬೇಕಿತ್ತು, ಕೈಗೂ ಒಂದು ಹಾಕ್ಬೇಕಿತ್ತು. ಯಾವ ಕೀ ಯಾವುದರದ್ದು?’

ಅವನು ಹೇಳುತ್ತ ಹೋದ, ಅವಳ ಕೈ ಮೇಜಿನ ಮೇಲೆ ಆಡತೊಡಗಿತು. ಮೊದಲ ಡಬ್ಬಿಯದು ಮೇಲೆ, ಏಳನೆಯದು ಕೆಳಗೆ. ಪತ್ರಗಳನ್ನು ಬೀದಿಯ ವರಸೆಯಲ್ಲಿ ಜೋಡಿಸಿ ಕಟ್ಟುವ ಹಾಗೆಯೇ ಕೀಗಳನ್ನು ಜೋಡಿಸಿ ದಾರಕ್ಕೆ ಪೋಣಿಸಿದಳು. ಆ ಕೈಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

‘ನೀನೇನೂ ಹೋಗೋದು ಬೇಡ ಅಕ್ಕ. ಕಾಲುವೆ ದಂಡೆ ಗಾಜಿನ ಹಾಗಾಗಿದೆ. ನಾನು ಬೇಗ ಬಂದು...’

‘ನಲವತ್ತು ಜನ ಕಾಯ್ತಾರೆ ಅಂದ್ಯಲ್ಲ?’

‘ಹೂಂ.’

‘ನೋಡೋಣ. ನೀನು ನಡಿ, ಅಲ್ಲಿ ಬೇಕರಿಯವನು ಐಸಾಗ್ತಿದಾನೆ.’

ತಣ್ಣನೆ ಕೋಣೆಯ ಬಾಗಿಲು ಹಟಮಾರಿಯಾಗಿತ್ತು. ಬೀಗದವನು ಅದಕ್ಕೆ ಬೈದ, ಮುದ್ದಿಸಿದ, ಕೊನೆಗೆ ಅದರ ಕೀಲನ್ನೇ ಕಿತ್ತ. ಹೊರಬಂದ ಬೇಕರಿಯವನ ಹುಬ್ಬಿನಿಂದ ಹಿಮದ ಕಡ್ಡಿಗಳು ನೇತಾಡುತ್ತಿದ್ದವು, ‘ಬೆಣ್ಣೆ ತಂದ್ರಾ?’ ಎಂದು ಹೆಂಡತಿ ಕೇಳಿದ್ದು ಪ್ರೀತಿಯಿಂದಲೇ ಇರಬೇಕು. ಗಂಟೆ ಹನ್ನೊಂದಾಗಿತ್ತು.

ಬೀಗದವನು ಗಾಳಿಗೆ ನೆಗಡಿಯಾಗುವಷ್ಟು ವೇಗವಾಗಿ ವಾಪಸು ಓಡಿದ. ಅಕ್ಕನ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಅಕ್ಕ ಇಲ್ಲ, ದೊರೆ ಇಲ್ಲ, ಕೀ ಇಲ್ಲ. ಕುಣಿಯಬೇಕೆಂದು ಒಂದು ಕಾಲೆತ್ತಿದ. ಆಗ ಕಾಲುವೆಯ ದಂಡೆ ನೆನಪಾಗಿ, ಎತ್ತಿದ ಕಾಲನ್ನು ಓಡಲು ಬಳಸಿದ.

ಮೊದಲ ಡಬ್ಬಿ: ಬೀಗವಿಲ್ಲ, ಮುಚ್ಚಳ ಸರಿಯಾಗಿದೆ, ಕಲ್ಲು ಅದರ ಜಾಗದಲ್ಲಿದೆ. ಎರಡನೆಯದೂ ಹಾಗೆಯೇ. ಇಬ್ಬನಿಯಿಂದ ಬೆಳ್ಳಗಾಗಿದ್ದ ಹುಲ್ಲಿನ ಮೇಲೆ ಬೂಟಿನ ಗುರುತು, ಪಕ್ಕದಲ್ಲಿ ಊರುಗೋಲಿನ ತೂತು, ಹಿಂದೆ ದೊರೆಯ ಪಾದಗಳು. ಹೆಜ್ಜೆಗಳು ಚಿಕ್ಕಚಿಕ್ಕವು, ಹೆದರಿದವು. ಮೂರನೆಯ ಡಬ್ಬಿ ದಾಟಿ ದಾರಿಯ ಇಳಿಜಾರಿಗೆ ಬಂದವನು ಗಕ್ಕನೆ ನಿಂತ. ಅಲ್ಲಿ ಹುಲ್ಲು ಉದ್ದಕ್ಕೆ ಉಜ್ಜಿಹೋಗಿತ್ತು, ಯಾರೋ ಜಾರಿಬಿದ್ದ ಹಾಗೆ. ಅಲ್ಲಿಂದಾಚೆಗೆ ಊರುಗೋಲಿನ ತೂತುಗಳೇ ಇರಲಿಲ್ಲ.

‘ಅಕ್ಕಾ!’ ಅವನ ಕೂಗಿಗೆ ಕಾಲುವೆಯ ಬಾತುಗಳೆಲ್ಲ ಒಟ್ಟಿಗೆ ಎದ್ದು ಹಾರಿ ಬೇರೆ ದೇಶಕ್ಕೆ ಹೋದವು. ನೀರಿನಂಚಿಗೆ ಇಳಿದು ನೋಡಿದ. ಇಲ್ಲ.  ಮತ್ತೆ ಮೇಲೆ ಬಂದು ಇಳಿಜಾರಿನ ಬುಡಕ್ಕೆ ಹೋದಾಗ ಕಂಡವು ಬೂಟಿನ ಗುರುತುಗಳು. ಮುಂದಕ್ಕೇ ಹೋಗಿದ್ದವು. ಈಗ ಅವು ಚಿಕ್ಕವಾಗಿರಲಿಲ್ಲ. ಅಳೆದರೆ ಅವನ ಹೆಜ್ಜೆಗಿಂತ ನಾಲ್ಕು ಬೆರಳು ಉದ್ದವಿದ್ದವು. ನಾಯಿಯ ಗುರುತಿನ ಪಕ್ಕದಲ್ಲಿ ಮಾತ್ರ ಏನೋ ಎಳೆದುಕೊಂಡು ಹೋದ ಗೀಟು.

ಏಳನೆಯ ಡಬ್ಬಿಯಿದ್ದ ಕಬ್ಬಿಣದ ಸೇತುವೆಯ ಬಳಿ ಅಕ್ಕ ನಿಂತಿದ್ದಳು. ಯಾವುದನ್ನೂ ಹಿಡಿದುಕೊಳ್ಳದೆ. ದೊರೆ ಬಾಯಲ್ಲಿ ಊರುಗೋಲು ಕಚ್ಚಿಕೊಂಡು, ಅದನ್ನು ತಾನೇ ಕಂಡುಹಿಡಿದವನ ಗತ್ತಿನಲ್ಲಿ ಕೂತಿತ್ತು.

‘ಬಂದ್ಯಾ? ಹನ್ನೆರಡಕ್ಕೆ ಆರು ನಿಮಿಷ ಇದೆ’ ಎಂದಳು ಅಕ್ಕ.

‘ಬಿದ್ಯಾ ಅಕ್ಕ?’

‘ಬಿದ್ದೆ.’

‘ಅಯ್ಯೋ! ಆಮೇಲೆ?’

‘ಆಮೇಲೇನು, ಎದ್ದೆ.’ ಅವಳು ಚೀಟಿ ಮಡಚಿ ಡಬ್ಬಿಗೆ ಹಾಕಿದಳು. ‘ಎರಡು ತಿಂಗಳಿಂದ ಇನ್ನೊಂದ್ಸಲ ಬಿದ್ರೆ ಏನಾಗತ್ತೋ ಅಂತ ಸಾಯ್ತಿದ್ದೆ ಕಣೋ. ಇವತ್ತು ಗೊತ್ತಾಯ್ತು. ಅಂಡು ಒದ್ದೆಯಾಗತ್ತೆ, ಅಷ್ಟೇ. ಇನ್ನೂ ನಾಲ್ಕು ಡಬ್ಬಿ ಉಳಿದಿತ್ತು, ಕೂತ್ಕೊಂಡು ಅಳೋಕೆ ಹೊತ್ತೆಲ್ಲಿತ್ತು? ಕೋಲು ಜಾರ್ಕೊಂಡು ಹೋಯ್ತು. ಇವನು ತಂದ, ಮತ್ತೆ ಕೊಡ್ಲಿಲ್ಲ. ನಾನೂ ಕೇಳ್ಲಿಲ್ಲ.’

‘ಬೀಗ ಹಾಕಿದ್ದು ತಪ್ಪಾಯ್ತು ಅಕ್ಕ’ ಎಂದ ಬೀಗದವನು. ಅವನ ಜೀವಮಾನದಲ್ಲಿ ಇದು ಮೊದಲನೆಯ ಸಲವೆಂದು ಊರಿನವರು ಈಗಲೂ ಹೇಳುತ್ತಾರೆ. ಅಷ್ಟರಲ್ಲಿ ದಂಡೆಯ ಆ ತುದಿಯಲ್ಲಿ ಮೇಡಂ, ಅವರ ಹಿಂದೆ ಬಣ್ಣಬಣ್ಣದ ಟೋಪಿಗಳ ನಲವತ್ತು ಜನ ಕಾಣಿಸಿದರು.

ಸೋಮವಾರ ಅಧಿಕಾರಿ ಬಂದರು. ವಯಸ್ಸು ಚಿಕ್ಕದು, ಬೂಟು ಹೊಸದು, ಕೈಯಲ್ಲಿ ನಮೂನೆಯ ಹಾಳೆ. ಅಕ್ಕ ಚೀಲ ಹೆಗಲಿಗೇರಿಸಿದಳು. ‘ಹಿಂದೆ ಬಂದ್ರೆ ಕಾಲು ಮುರೀತೀನಿ’ ಎಂದು ತಮ್ಮನಿಗೆ ಎಚ್ಚರಿಸಿದ್ದರಿಂದ ಅವನು ಅಂಗಡಿಯ ಬಾಗಿಲಲ್ಲೇ ಉಗುರು ಕಚ್ಚುತ್ತ ನಿಂತ. ಮೊದಲ ಬೀದಿಯ ಕೊನೆಯವರೆಗೆ ಅಧಿಕಾರಿ ಅವಳ ಪಕ್ಕದಲ್ಲಿದ್ದರು. ಎರಡನೆಯದರಲ್ಲಿ ಹತ್ತು ಹೆಜ್ಜೆ ಹಿಂದೆ. ಮೂರನೆಯದರಲ್ಲಿ ಅವರು ಕಾಣಿಸಲಿಲ್ಲವೆಂದು ಕ್ಷೌರದವನು ಫೋನು ಮಾಡಿ ತಿಳಿಸಿದ.

ಒಂದು ಗಂಟೆಗೆ ಅಕ್ಕ ಖಾಲಿ ಚೀಲ ಹಿಡಿದು ಕಚೇರಿಗೆ ವಾಪಸಾದಳು. ಒಂದೂ ಮುಕ್ಕಾಲಿಗೆ ಅಧಿಕಾರಿ ಬಂದರು, ಒಂದು ಬೂಟು ಕೈಯಲ್ಲಿ ಹಿಡಿದುಕೊಂಡು. ಮೊದಲು ನೀರು ಕೇಳಿದರು, ಆಮೇಲೆ ಪೆನ್ನು ಕೇಳಿದರು. ನಮೂನೆಯಲ್ಲಿ ‘ನಡೆಯಲು ಇನ್ನೊಬ್ಬರ ನೆರವು ಬೇಕೇ?’ ಎಂಬ ಪ್ರಶ್ನೆಯೆದುರು ಬಹಳ ಹೊತ್ತು ಯೋಚಿಸಿ ‘ಇಲ್ಲ’ ಎಂದು ಬರೆದು, ಸಹಿ ಹಾಕಿ ತಲೆಯೆತ್ತಿದರೆ, ಹಾಳೆ ಕೊಡಲು ಅಕ್ಕ ಅಲ್ಲಿರಲಿಲ್ಲ. ಹೊಸಬ ಎರಡು ತಿಂಗಳು ತಪ್ಪು ಮನೆಗಳಿಗೆ ಹಾಕಿದ್ದ ಪತ್ರಗಳನ್ನು ವಾಪಸು ಇಸಿದುಕೊಂಡು ಬರಲು ಅವಳು ಆಗಲೇ ಮತ್ತೆ ಹೊರಟಿದ್ದಳು.