ನಾನು ಕೆಂಪಾದ ಕಥೆ

ನಾನೊಂದು ಕೆಂಪು ಲೆಟ್ಯೂಸ್ ಗಿಡ. ಹಸಿಯಾಗಿ ತಿನ್ನುವ ಸೊಪ್ಪಿನ ಜಾತಿ ನನ್ನದು. ಎಲೆಕೋಸಿನಂತೆ ಗಡ್ಡೆ ಕಟ್ಟುವುದಿಲ್ಲ. ಎಲೆಗಳು ಬಿಡಿಬಿಡಿಯಾಗಿ, ಸೀರೆಯ ನೆರಿಗೆಯಂತೆ ಹರಡಿಕೊಳ್ಳುತ್ತವೆ. ಹೆಸರಿನಲ್ಲಿ ಕೆಂಪಿದ್ದರೂ ಹುಟ್ಟಿನಿಂದ ನಾನು ಕೆಂಪಲ್ಲ. ಕೆಂಪಾದದ್ದು ಹೇಗೆಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಗದಗಿನ ಚನ್ನವ್ವ ಕೃಷಿ ಮೇಳದಲ್ಲಿ ನಮ್ಮ ಬೀಜದ ಪೊಟ್ಟಣ ಕೊಂಡಳು. ಪೊಟ್ಟಣದ ಚಿತ್ರದಲ್ಲಿ ಎಲೆಗಳು ಕಡುಗೆಂಪಾಗಿದ್ದವು. ಮೆಂತ್ಯ ಬಿತ್ತಿ ಪಳಗಿದ ಕೈ ಅವಳದು. ನಮ್ಮ ಮೇಲೂ ದಪ್ಪಗೆ ಮಣ್ಣು ಮುಚ್ಚಿದಳು. ಸಾಸಿವೆಗಿಂತ ಹಗುರಾದ ನಮಗೆ ಅದು ಹೊರಲಾರದ ಹೊರೆ. ಬಹಳಷ್ಟು ಮಂದಿ ಅಲ್ಲೇ ಮಣ್ಣಾದರು. ಬದುಕಿ ಮೇಲೆದ್ದವರನ್ನು ಹಿತ್ತಿಲಲ್ಲಿ, ಬಚ್ಚಲ ಗೋಡೆಯ ನೆರಳಿಗೆ ಸಾಲಾಗಿ ನೆಟ್ಟಳು. ಜಾಗ ಸಾಲದೆ ಉಳಿದ ನನ್ನನ್ನು ಒಡೆದ ಬಕೆಟ್ಟಿಗೆ ಹಾಕಿ ಅದೇ ನೆರಳಿನಲ್ಲಿಟ್ಟಳು.

ಆ ಹೊತ್ತಿಗೆ ಅವಳ ಮಗಳು ಶಶಿಕಲಾ ಬಸುರಿಯಾಗಿ ತವರಿಗೆ ಬಂದಿದ್ದಳು. ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ರಕ್ತ ಕಡಿಮೆಯಿದೆ ಎಂದು ಡಾಕ್ಟರು ಕೊಟ್ಟ ಗುಳಿಗೆಯೂ ವಾಂತಿಯಾಗಿ ಹೋಗುತ್ತಿತ್ತು. ಒಗ್ಗರಣೆಯ ವಾಸನೆ ಬಂದರೆ ಸಾಕು, ಹಿತ್ತಿಲಿಗೆ ಓಡಿ ಬರುತ್ತಿದ್ದಳು. ಒಂದು ದಿನ ನಮ್ಮೆದುರು ಕೂತು, "ಅವ್ವಾ, ಈ ಎಲಿ ಹಸೇದ ತಿನ್ನಬೇಕ ಅನಸ್ತೈತಿ," ಎಂದಳು.

"ಈಗ ಬ್ಯಾಡವಾ, ಇನ್ನೂ ಹಸರ ಅದಾವ. ಕೆಂಪ ಆಗ್ಲಿ ತಡಿ. ಕೆಂಪ ತಿಂದ್ರನ ಮೈಯಾಗ ರಕ್ತ ಆಗೋದು," ಎಂದಳು ಚನ್ನವ್ವ.

ನೆರಳಿನಲ್ಲಿ ನಾವು ಕೆಂಪಾಗುವವರಲ್ಲ. ಪಕ್ಕದ ಮನೆಯ ನೀಲವ್ವ ಗೋಡೆಯಾಚೆಯಿಂದ ಇಣುಕಿ, "ಕೆಂಪ ಅಂತ ಹೇಳಿ ಹಸರ ಬೀಜ ಕೊಟ್ಟು ನಿನಗ ಟೊಪಿಗಿ ಹಾಕ್ಯಾರ ನೋಡು," ಎಂದು ನಕ್ಕಳು. ಚನ್ನವ್ವನಿಗೆ ಸಿಟ್ಟು ಬಂತು. ಬಿಸಿಲಿಗಾದರೂ ಬಣ್ಣ ಬಂದೀತೆಂದು ಬಕೆಟ್ಟನ್ನು ಎತ್ತಿ ಬಿಸಿಲ ಕಟ್ಟೆಯ ಮೇಲಿಟ್ಟಳು.

ಬಿಸಿಲು ತಾಗಿದ್ದೇ ತಡ, ನನ್ನ ಎಲೆಯಂಚಿಗೆ ಕೆಂಪು ಹತ್ತಿ ದಿನದಿನಕ್ಕೆ ಒಳಗಿಳಿಯಿತು. ನೀಲವ್ವನ ಬಾಯಿ ಮುಚ್ಚಿತು. ನನಗೋ ಕೊಂಬು ಬಂತು. ಕೆಳಗೆ ಹಸಿರಾಗಿಯೇ ಉಳಿದ ಅಕ್ಕತಂಗಿಯರನ್ನು ನೋಡಿ, ಅಯ್ಯೋ ಪಾಪ, ಇವು ಯಾರ ಉಪಯೋಗಕ್ಕೂ ಬರಲಿಲ್ಲವಲ್ಲ ಎಂದುಕೊಂಡೆ.

ಶಿವರಾತ್ರಿ ಕಳೆದು ಬಿಸಿಲು ಚುರುಕಾಯಿತು. ಇನ್ನಷ್ಟು ಕೆಂಪಾಗಲಿ ಎಂದು ಚನ್ನವ್ವ ಕಾದಳು. ಅಷ್ಟರಲ್ಲಿ ನನ್ನ ನಡುದಂಟು ಮೇಲೇಳತೊಡಗಿತ್ತು, ಒಳಗೆ ಬಿಳಿ ಹಾಲು ತುಂಬುತ್ತಿತ್ತು. ಆ ಹಾಲು ಕಹಿ. ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಅವಳು ನನ್ನ ದೊಡ್ಡ ಎಲೆಗಳನ್ನು ಕಿತ್ತು, ತೊಳೆದು, ಹಿತ್ತಿಲ ಬಾಗಿಲಲ್ಲಿ ಕೂತ ಮಗಳ ತಟ್ಟೆಗೆ ಜೋಳದ ರೊಟ್ಟಿಯ ಜೊತೆ ಇಟ್ಟಳು. ಶಶಿಕಲಾ ಆಸೆಯಿಂದ ಒಂದು ಎಲೆ ಮಡಚಿ ಬಾಯಿಗಿಟ್ಟಳು. ಮುಖ ಕಿವುಚಿಕೊಂಡಿತು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಬೆಳಿಗ್ಗೆ ಕುಡಿದ ಗಂಜಿಯೂ ಹೋಯಿತು. ಚನ್ನವ್ವ ಮಗಳ ಬೆನ್ನು ನೀವುತ್ತಾ ಅಳುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಬಕೆಟ್ಟಿನಲ್ಲಿ ಭೂಮಿಯಾದರೂ ಎಷ್ಟಿದ್ದೀತು?

ಬಾಯಿ ಮುಕ್ಕಳಿಸಿ ಬಂದ ಶಶಿಕಲಾ ನೆರಳಿನಲ್ಲಿ ಕುಸಿದು ಕೂತಳು. ಬಾಯಿಯ ಕಹಿ ಹೋಗಲೆಂದೋ ಏನೋ, ಕೈಗೆ ಸಿಕ್ಕ ಹಸಿರೆಲೆಯೊಂದನ್ನು ಮುರಿದು ಅಗಿದಳು. ಅದು ನನ್ನ ತಂಗಿಯ ಎಲೆ. ಇನ್ನೊಂದು ಮುರಿದಳು.

"ಅವ್ವಾ, ಇದು ಕಹಿ ಇಲ್ಲ. ರೊಟ್ಟಿ ತಾ ಇಲ್ಲೆ."

ರೊಟ್ಟಿ ಒಳಗೆ ಹೋಯಿತು, ಹೊಟ್ಟೆಯಲ್ಲಿ ನಿಂತಿತು. ಅಂದಿನಿಂದ ಚನ್ನವ್ವ ದಿನವೂ ನನ್ನ ಅಕ್ಕತಂಗಿಯರ ಹೊರಗಿನ ಎಲೆಗಳನ್ನು ಬಿಡಿಸುತ್ತಾಳೆ. ಅವರು ಒಳಗಿನಿಂದ ಹೊಸದನ್ನು ಕೊಡುತ್ತಾರೆ. ಗುಳಿಗೆಯೂ ಈಗ ನಿಲ್ಲುತ್ತದೆ.

ನಾನು ಮೊಣಕಾಲೆತ್ತರ ಬೆಳೆದು ಹಳದಿ ಹೂ ಬಿಟ್ಟಿದ್ದೇನೆ, ಮುದುಕಿಯಾಗಿದ್ದೇನೆ. ಮನೆಗೆ ಬಂದವರೆಲ್ಲ ಕಟ್ಟೆಯ ಮುಂದೆ ನಿಂತು, "ಏನ ಬಣ್ಣರೀ ಇದರದು," ಎನ್ನುತ್ತಾರೆ. ಚನ್ನವ್ವ ಹೂಂ ಎನ್ನುತ್ತಾ, ಬುಟ್ಟಿ ಹಿಡಿದು, ನನ್ನನ್ನು ದಾಟಿ ನೆರಳಿನ ಕಡೆ ಹೋಗುತ್ತಾಳೆ.