ಕಾಟಾ ಮೇಲೆ ಭ್ರಮರಾಂಬ

ಕೋಪ ನನಗೆ ಮೂಗಿನ ತುದಿಯಲ್ಲೇ. ಅದನ್ನು ಮುಚ್ಚಿಟ್ಟು ಹೇಳುವ ಕತೆ ಇದಲ್ಲ. ಪೆನುಕೊಂಡದ ಕಡೆಯಿಂದ ಬಂದರೆ, ಹಿಂದೂಪುರ ಇನ್ನೂ ಎರಡು ಮೈಲಿ ಇರುವಾಗ ಒಂದು ಚೆಕ್‌ಪೋಸ್ಟ್ ಇತ್ತು. ಅಲ್ಲಿ ಲಾರಿಗಳ ತೂಕ ನೋಡುವುದು ನನ್ನ ಕೆಲಸ. ಸರ್ಕಾರಿ ಕಾಗದದಲ್ಲಿ ಆ ಕೆಲಸಕ್ಕೆ ಉದ್ದನೆಯ ಹೆಸರಿತ್ತು, ಜನ ಮಾತ್ರ ನನ್ನನ್ನು ಬ್ರೇಕ್ ಇನ್ಸ್‌ಪೆಕ್ಟರ್ ಅಶ್ವತ್ಥಪ್ಪ ಎನ್ನುತ್ತಿದ್ದರು. ಬೆನ್ನ ಹಿಂದೆ ಏನೇನು ಅನ್ನುತ್ತಿದ್ದರೋ, ಅದು ಅವರ ಬಾಯಿಗೇ ಗೊತ್ತು.

ರಸ್ತೆಯ ಪಕ್ಕದಲ್ಲಿ ನೆಲಕ್ಕೆ ಸಮನಾಗಿ ಕೂರಿಸಿದ ದೊಡ್ಡ ಕಬ್ಬಿಣದ ಹಲಗೆ, ಅದೇ ಕಾಟಾ. ಲಾರಿ ಅದರ ಮೇಲೆ ಬಂದು ನಿಂತರೆ ಒಳಗಿನ ಕೋಣೆಯಲ್ಲಿ ತೂಕ ಗೊತ್ತಾಗುತ್ತಿತ್ತು. ಹೆಚ್ಚಿಗೆ ಹೇರಿದ್ದರೆ ಕೇಸು. ಹೆಚ್ಚಾದ ಮೂಟೆಗಳನ್ನು ಅಲ್ಲೇ ಇಳಿಸಬೇಕು, ಇಳಿಸಿದ್ದನ್ನು ತಿರುಗಿ ಅದೇ ಲಾರಿಗೆ ಏರಿಸುವಂತಿಲ್ಲ. ಇಷ್ಟೇ ರೂಲು. ಇದರಿಂದ ತಪ್ಪಿಸಿಕೊಳ್ಳಲು ಡ್ರೈವರುಗಳದು ನೂರೆಂಟು ಕಳ್ಳಾಟ. ಹಿಂದಿನ ಚಕ್ರವನ್ನು ಹಲಗೆಯ ಅಂಚಿನಿಂದ ಆಚೆಗೇ ನಿಲ್ಲಿಸಿ ಅರ್ಧ ಭಾರವನ್ನು ನೆಲಕ್ಕೆ ಹೊರಿಸುವುದು ಅದರಲ್ಲಿ ಎಲ್ಲಕ್ಕಿಂತ ಹಳೆಯದು. ಅದನ್ನೆಲ್ಲ ನಾನು ಹಿಡಿಯುತ್ತಿದ್ದೆ. ಹಿಡಿದದ್ದಕ್ಕೆ ನನ್ನ ಸಂಸಾರವೇ ಬೀದಿಗೆ ಬರುವ ಹಾಗಾಯಿತು.

ನನ್ನ ಮಾವ ಕರಿಸಿದ್ದಪ್ಪ ಕಲ್ಯಾಣದುರ್ಗದ ಹುಣಸೆಹಣ್ಣಿನ ವ್ಯಾಪಾರಿ. ಮಾವನನ್ನು ಬಹುವಚನದಲ್ಲಿ ಕರೆಯಬೇಕು, ಗೊತ್ತು. ಎದುರಿಗೆ ಕರೆಯುತ್ತೇನೆ. ಇದು ನನ್ನ ಕತೆ, ಇಲ್ಲಿ ನನ್ನ ಇಷ್ಟ. ಸುತ್ತಲ ಹಳ್ಳಿಗಳ ಹಣ್ಣನ್ನೆಲ್ಲ ಕೊಂಡು, ಬೀಜ ತೆಗೆಸಿ, ಮೂಟೆ ಕಟ್ಟಿಸಿ ಬೆಂಗಳೂರಿಗೆ ಕಳಿಸುತ್ತಿದ್ದ. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಅನ್ನುತ್ತಾರಲ್ಲ, ಅದನ್ನು ಇವನನ್ನು ನೋಡಿಯೇ ಕಟ್ಟಿರಬೇಕು. ಇದ್ದ ಒಬ್ಬಳೇ ಮಗಳ ಹೆಸರನ್ನು ತನ್ನ ಲಾರಿಗೂ ಇಟ್ಟಿದ್ದ. ಲಾರಿಯ ಹಣೆಯ ಮೇಲೆ ಹಳದಿ ಬಣ್ಣದಲ್ಲಿ ದಪ್ಪಗೆ 'ಭ್ರಮರಾಂಬ' ಎಂದು ಬರೆಸಿದ್ದ. ಆ ಮಗಳನ್ನು ನನಗೆ ಕೊಟ್ಟಾಗ, ಹುಡುಗ ಒಳ್ಳೆಯವನೆಂದು ಕೊಟ್ಟ ಅಂದುಕೊಂಡೆ. ಎಂಥಾ ಪೆದ್ದ ನಾನು! ಅವನು ಮಗಳನ್ನು ಕೊಟ್ಟದ್ದು ಚೆಕ್‌ಪೋಸ್ಟಿಗೆ.

ಎಂಬತ್ತೈದನೇ ಇಸವಿಯಲ್ಲಿ ಭ್ರಮರಾಂಬ ಬಾಣಂತನಕ್ಕೆಂದು ತವರಿಗೆ ಹೋದಳು. ಅವಳು ಅತ್ತ ಹೋದದ್ದೇ ತಡ, ಅವಳ ಹೆಸರಿನ ಲಾರಿ ಇತ್ತ ಬಂತು. ಹೇರಿದ ಭಾರಕ್ಕೆ ಅದರ ಸ್ಪ್ರಿಂಗ್ ಪಟ್ಟಿಗಳು ಬಾಗು ಕಳೆದು ನೆಟ್ಟಗಾಗಿ ಹೋಗಿದ್ದವು. ಡ್ರೈವರ್ ಉಗ್ರಪ್ಪ ಕೆಳಗಿಳಿಯಲೂ ಇಲ್ಲ. ಕಿಟಕಿಯಿಂದ ಕೈ ಆಡಿಸಿ, "ಮನೋಳ್ಳೇ ಕದಾ ಸಾರ್!" ಅಂದ. ನಮ್ಮವರೇ ಅಲ್ಲವೇ ಅಂತ.

"ನಮ್ಮೋರೇ ಕಣಯ್ಯ. ಅದಕ್ಕೇ ಮೊದಲು ಕಾಟಾಕ್ಕೆ ಹತ್ತಿಸು," ಅಂದೆ.

ಕೇಸು ಬರೆದೆ, ಮೂಟೆ ಇಳಿಸಿದೆ. ಅಡ್ಡಗಂಬ ಎತ್ತಿ ಇಳಿಸುವ ಬೈರಣ್ಣ ಹಣೆ ಹಣೆ ಚಚ್ಚಿಕೊಂಡ. "ಸಾ, ಅದು ನಿಮ್ಮ ಮಾವನ ಗಾಡಿ ಕಣ್ ಸಾ! ಹಬ್ಬಕ್ಕೆ ಹೋದ್ರೆ ಒಬ್ಬಟ್ಟು ಯಾರು ಹಾಕ್ತಾರೆ ನಿಮಗೆ?"

"ಒಬ್ಬಟ್ಟು ತಿನ್ನದೆ ಸತ್ತೋರ್ನ ನಾನು ನೋಡಿಲ್ಲ ಬೈರಣ್ಣ. ಬ್ರೇಕ್ ಹಿಡೀದ ಲಾರಿ ಕೆಳಗೆ ಸತ್ತೋರ್ನ ನೋಡಿದ್ದೀನಿ."

ಅದು ಬರೀ ಬಾಯಿಮಾತಲ್ಲ. ಎಲ್ಲಿ ಲಾರಿ ಯಾರಿಗೆ ಗುದ್ದಿದರೂ ಬ್ರೇಕ್ ಪರೀಕ್ಷೆಗೆ ನಮ್ಮನ್ನೇ ಕರೆಯುತ್ತಿದ್ದರು. ರಸ್ತೆಯ ಮೇಲೆ ಬಿದ್ದ ಚಪ್ಪಲಿಗಳನ್ನು ದಾಟಿಕೊಂಡು ಹೋಗಿ ಬ್ರೇಕ್ ಒತ್ತಿ ನೋಡುವ ಕೆಲಸ ಅದು. ಬ್ರೇಕಿನದು ಏನೂ ತಪ್ಪಿರುತ್ತಿರಲಿಲ್ಲ, ಹೇರಿದವನ ಆಸೆಯದೇ ತಪ್ಪು. ಹಾಗಿರುವಾಗ ಮಾವನ ಲಾರಿಗೆ ಒಂದು ಕಣ್ಣು, ಊರವರ ಲಾರಿಗೆ ಒಂದು ಕಣ್ಣು ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

ಗಂಡು ಮಗು ಹುಟ್ಟಿತು. ಐದನೇ ತಿಂಗಳಿಗೆ ತಾಯಿಯನ್ನೂ ಮಗುವನ್ನೂ ಕರೆತರುವುದು ನಮ್ಮಲ್ಲಿ ಪದ್ಧತಿ. ಹೂವು, ಹಣ್ಣು, ಮಗುವಿನ ಕಾಲಿಗೆ ಬೆಳ್ಳಿ ಕಡಗ ತೆಗೆದುಕೊಂಡು ಕಲ್ಯಾಣದುರ್ಗಕ್ಕೆ ಹೋದೆ. ಹುಣಸೆಯ ಸುಗ್ಗಿ. ಅಂಗಳದ ತುಂಬ ಹೆಂಗಸರು ಕೂತು ಹಣ್ಣು ಕುಟ್ಟುತ್ತಿದ್ದರು. ಮಾವ ಪಡಸಾಲೆಯಲ್ಲಿ ಚಾಪೆ ಹಾಕಿಸಿ, ಕಾಫಿ ತರಿಸಿ, ಮುಖದ ತುಂಬ ನಕ್ಕ.

"ಕರ್ಕೊಂಡೋಗಿ ಅಳಿಯಂದ್ರೇ, ಯಾರು ಬ್ಯಾಡ ಅಂದೋರು? ನಿಮ್ಮ ಹೆಂಡ್ತಿ, ನಿಮ್ಮ ಮಗ. ಒಂದು ಮಾತು ಕೊಟ್ಟು ಕರ್ಕೊಂಡೋಗಿ. ನಮ್ಮ ಗಾಡಿ ಬಂದಾಗ ಆ ಕಡೆ ಮಕ ಮಾಡ್ಕೊಂಡು ಒಂದು ಬೀಡಿ ಸೇದ್ಬುಡಿ, ಅಷ್ಟು ಸಾಕು."

"ನಾನು ಬೀಡಿ ಸೇದಲ್ಲ ಮಾವ."

"ಸೇದಾದು ಕಲ್ತ್ಕೊಂಡು ಬನ್ನಿ. ಅಲ್ಲೀಗಂಟ ಮಗಳು ಇಲ್ಲೇ ಇರ್ತಾಳೆ." ಪಕ್ಕದಲ್ಲಿದ್ದ ಲೆಕ್ಕ ಬರೆಯುವವನ ಕಡೆ ತಿರುಗಿ, ನನಗೆ ಕೇಳಿಸುವ ಹಾಗೇ ಹೇಳಿದ: "ಮೂಗು ಹಿಡಿದ್ರೆ ಬಾಯಿ ತಾನೇ ಬಿಡ್ತದೆ ಬಿಡಯ್ಯ."

ಭ್ರಮರಾಂಬ ನಡುಮನೆಯ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅವಳು ಒಂದು ಮಾತು ಆಡಲಿ ಎಂದು ನೋಡಿದೆ. ಅವಳು ನೆಲ ನೋಡಿದಳು. ಅದೇ ನನ್ನನ್ನು ಕೊಂದದ್ದು. ಮಾವ ಏನಾದರೂ ಅಂದುಕೊಳ್ಳಲಿ, ಇವಳೂ ಅಪ್ಪನ ಹಾಗೇ ಯೋಚಿಸುತ್ತಾಳೆಯೇ? ಕಡಗವನ್ನು ಹೊಸ್ತಿಲ ಮೇಲಿಟ್ಟು, ಕಾಫಿ ಮುಟ್ಟದೆ ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕಣ್ಣೀರು ಹಾಕಿದೆ. ಮಾತು ಮಾತ್ರ ಕೊಡಲಿಲ್ಲ.

ಬರಿಗೈಯಲ್ಲಿ ಬಂದ ನನ್ನನ್ನು ನೋಡಿ ನಮ್ಮಮ್ಮ ಪಾಪಕ್ಕ ಮುದ್ದೆಯನ್ನು ತಟ್ಟೆಗೆ ಕುಕ್ಕಿದಳು. "ಲೋ, ಹೆಣ್ಣು ಕೊಟ್ಟ ಮಾವ ಕಣ್ಣು ಕೊಟ್ಟ ದೇವರು ಅಂತಾರೆ. ಒಂದು ಲಾರಿ ಬಿಟ್ಬುಟ್ರೆ ನಿನ್ನ ಗಂಟೇನು ಹೋಯ್ತದ್ಲಾ? ನಂಗೆ ನನ್ನ ಮೊಮ್ಮಗ ಬೇಕು ಕಣ್ಲಾ!"

"ಕಣ್ಣು ಕೊಟ್ಟು ಮುಚ್ಕೊಂಡಿರು ಅಂದ್ರೆ ಏನು ಬಂತಮ್ಮ ಭಾಗ್ಯ?"

"ಮಾತಿಗೇನು ಕಮ್ಮಿಯಿಲ್ಲ ನಿಂಗೆ. ಆ ಕಾಟಾನೇ ಕಟ್ಕೊಂಡು ಸಂಸಾರ ಮಾಡು ಹೋಗು," ಅಂದು ಒಳಗೆ ಹೋದಳು. ಆಮೇಲೆ ದಿನಗಟ್ಟಲೆ ನನ್ನೊಂದಿಗೆ ಮಾತಿಲ್ಲ.

ಹೀಗಿರುವಾಗ ಒಂದು ದಿನ ಮಟಮಟ ಮಧ್ಯಾಹ್ನ ಮಾವನ ಜೀಪು ಬಂದು ಚೆಕ್‌ಪೋಸ್ಟಿನ ಎದುರಿಗಿದ್ದ ಮುನಿಯಕ್ಕನ ಟೀ ಅಂಗಡಿ ಮುಂದೆ ನಿಂತಿತು. ಜೊತೆಯಲ್ಲಿ ಹಿಂದೂಪುರದ ಇಬ್ಬರು ಹುಣಸೆ ಮಂಡಿಯವರು. ಮೂವರೂ ನಾಟಕ ನೋಡಲು ಬಂದವರ ಹಾಗೆ ಬೆಂಚಿನ ಮೇಲೆ ಕೂತರು.

"ಬಿಸ್ಲು ಜೋರೈತೆ ಅಳಿಯಂದ್ರೇ, ಟೀ ಕುಡೀತೀರಾ?" ಮಾವ ಕೂಗಿದ.

"ಡ್ಯೂಟಿ ಮೇಲಿದೀನಿ ಮಾವ."

"ಇರಿ ಇರಿ. ನಾನೂ ಅದನ್ನೇ ನೋಡಾಣ ಅಂತ ಬಂದೆ."

ಏನೋ ಮಸಲತ್ತು ನಡೆದಿದೆ ಎಂದು ಆಗಲೇ ಅನಿಸಿತು. ಅಷ್ಟರಲ್ಲಿ ಪೆನುಕೊಂಡದ ಕಡೆಯಿಂದ ಅದೇ ಲಾರಿ ಬಂತು. ಟಾರ್ಪಾಲಿನ ಕೆಳಗೆ ಮೂಟೆಗಳು ಗೋಪುರದಷ್ಟು ಎದ್ದಿದ್ದವು. ನಾನು ಕೈ ಅಡ್ಡ ಹಿಡಿದೆ, ಬೈರಣ್ಣ ಕಂಬ ಇಳಿಸಿದ. ಲಾರಿ ಹತ್ತಿರ ಬಂದು ನಿಂತ ಮೇಲೆ ಕಂಡಿತು. ಉಗ್ರಪ್ಪನ ಪಕ್ಕದ ಸೀಟಿನಲ್ಲಿ ಭ್ರಮರಾಂಬ, ಅವಳ ಮಡಿಲಲ್ಲಿ ನನ್ನ ಮಗ. ಕಾಲಬುಡದಲ್ಲಿ ಅವಳ ಟ್ರಂಕು.

ಮಾವನ ಲೆಕ್ಕ ಒಂದೇ ಗಳಿಗೆಯಲ್ಲಿ ಅರ್ಥವಾಯಿತು. ಗಂಡನ ಮನೆಗೆ ಹೋಗುವವಳನ್ನು ನಮ್ಮ ಲಾರಿಯಲ್ಲೇ ಇಳಿಸುತ್ತೇನೆಂದು ಕೂರಿಸಿದ್ದಾನೆ. ಹೆಂಡತಿ ಮಗುವನ್ನು ಹೊತ್ತು ಬಂದ ಲಾರಿಗೆ ಯಾವ ಗಂಡಸು ಅಡ್ಡ ನಿಲ್ಲುತ್ತಾನೆ? ಇವತ್ತು ಬಿಟ್ಟರೆ ಮಂಡಿಯವರು ಸಾಕ್ಷಿ. ನಾಳೆ ಅವರ ಲಾರಿಗಳೂ ಕೈ ಆಡಿಸಿಕೊಂಡು ದಾಟುತ್ತವೆ. ಬಿಡದಿದ್ದರೆ ಎದುರಿಗೆ ಜೀಪು ತಯಾರಿದೆ, ಹೆಂಡತಿ ಮಗು ವಾಪಸು ಕಲ್ಯಾಣದುರ್ಗಕ್ಕೆ. ಈ ಸಲ ಹೋದರೆ ತಿರುಗಿ ಬರುವುದಿಲ್ಲ.

"ಹಸುಗೂಸು ಕಣ್ರೀ, ಬಿಸ್ಲಲ್ಲಿ ಬೇಯ್ತೈತೆ," ಮಾವ ಅಲ್ಲಿಂದಲೇ ಅಂದ. "ಕಂಬ ಎತ್ತಿಸಿ. ಮನೆತಾವ ಇಳಿಸ್ಬುಟ್ಟು ಹೋಯ್ತಾನೆ ಉಗ್ರಪ್ಪ."

ಬೈರಣ್ಣ ಕಂಬದ ಹಗ್ಗ ಹಿಡಿದು ನನ್ನ ಮುಖ ನೋಡಿದ. ಎತ್ತಲೇ ಎಂದು ಕಣ್ಣಲ್ಲೇ ಕೇಳಿದ. ಮಗು ನಿದ್ದೆಯಲ್ಲಿತ್ತು, ಅದರ ಕಾಲಲ್ಲಿ ನಾನು ಹೊಸ್ತಿಲ ಮೇಲಿಟ್ಟು ಬಂದ ಕಡಗವಿತ್ತು. ಭ್ರಮರಾಂಬ ನನ್ನನ್ನೇ ನೋಡುತ್ತಿದ್ದಳು. ಬೆದರಿದ ಮುಖ, ಕೆದರಿದ ಕೂದಲು. ಅವಳ ಮನಸ್ಸಿನಲ್ಲಿ ಏನಿದೆಯೋ ನನಗೆ ತಿಳಿಯಲಿಲ್ಲ.

"ಕಾಟಾಕ್ಕೆ ಹತ್ತಿಸು ಉಗ್ರಪ್ಪ," ಅಂದೆ.

ಮಾವ ಟೀ ಲೋಟವನ್ನು ಬೆಂಚಿಗೆ ಕುಟ್ಟಿ ಎದ್ದ. "ನೋಡ್ದಾ ಅಮ್ಮಯ್ಯ, ನಿನ್ನ ಗಂಡನ ಬುದ್ಧಿಯ? ಹೆತ್ತ ಮಗೀಗಿಂತ ಆ ಕಬ್ಬಿಣದ ಹಲಗೇನೇ ಹೆಚ್ಚು ಇವ್ನಿಗೆ!"

ಉಗ್ರಪ್ಪ ಗೊಣಗುತ್ತ ಲಾರಿಯನ್ನು ಕಾಟಾ ಮೇಲೆ ತಂದು ನಿಲ್ಲಿಸಿದ. ನಾನು ಹಿಂದಿನ ಚಕ್ರ ನೋಡಲು ಹೆಜ್ಜೆ ಇಟ್ಟೆನೋ ಇಲ್ಲವೋ, ಕಿಟಕಿಯಿಂದ ಅವಳ ದನಿ ಬಂತು.

"ಉಗ್ರಪ್ಪಣ್ಣ, ಹಿಂದ್ಲ ಚಕ್ರ ಇನ್ನೂ ನೆಲದ ಮೇಲೇ ಐತೆ. ಮುಂದಕ್ಕೆ ತಗೋ."

ಕರಿಸಿದ್ದಪ್ಪನ ಮನೆಯಲ್ಲಿ ಹುಟ್ಟಿ ಬೆಳೆದವಳು. ಊಟಕ್ಕೆ ಕೂತಾಗಲೆಲ್ಲ ಅಪ್ಪನೂ ಡ್ರೈವರುಗಳೂ ಆಡಿ ನಗುತ್ತಿದ್ದ ಕಳ್ಳಾಟಗಳನ್ನು ಬಡಿಸುತ್ತ ಕೇಳಿದವಳು. ಉಗ್ರಪ್ಪ ಕಕ್ಕಾಬಿಕ್ಕಿಯಾಗಿ ಲಾರಿಯನ್ನು ಮುಂದಕ್ಕೆ ತೆಗೆದ.

"ಅಮ್ಮಯ್ಯ! ಮಗೀನ ಎತ್ಕೊಂಡು ಕೆಳಕ್ಕಿಳಿ ನೀನು!" ಮಾವ ರಸ್ತೆ ದಾಟಿ ಓಡಿಬಂದ.

"ಯಾಕಪ್ಪ ಇಳೀಲಿ? ನನ್ನೂ ಲೋಡ್ ಮಾಡೇ ಅಲ್ವಾ ನೀನು ಕಳಿಸಿದ್ದು? ತೂಗ್ಲಿ." ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. "ಪೆನುಕೊಂಡದ ಇಳಿಜಾರಲ್ಲಿ ಏನಾಯ್ತು ಗೊತ್ತೇನಪ್ಪ ನಿಂಗೆ? ಉಗ್ರಪ್ಪಣ್ಣ ಬ್ರೇಕ್ ತುಳೀತಾನೆ, ತುಳೀತಾನೆ, ಗಾಡಿ ನಿಲ್ಲಾಕಿಲ್ಲ. ಮುಂದೆ ಒಂದು ಎತ್ತಿನ ಗಾಡಿ, ಅದರ ತುಂಬ ಹೆಂಗಸ್ರು ಮಕ್ಳು. ಅವ್ರು ಕಿರುಚಿದ್ದು ಇನ್ನೂ ನನ್ನ ಕಿವೀಲಿ ಐತೆ. ಮಗೀನ ಅವುಚ್ಕೊಂಡು ಕಣ್ಣು ಮುಚ್ಕೊಂಬುಟ್ಟೆ. ಎತ್ತಿನ ಕೊಂಬು ನನ್ನ ಬಾಗಿಲಿಗೆ ಉಜ್ಕೊಂಡು ಹೋಯ್ತು ಕಣಪ್ಪ! ಒಂದು ಗೇಣು ಈ ಕಡೆ ಬಂದಿದ್ರೆ ಅವ್ರೂ ಇಲ್ಲ, ನಾವೂ ಇಲ್ಲ. ಹುಣಸೆಹಣ್ಣು ಕಾಯಾಕೆ ಮೊಮ್ಮಗನ್ನ ಮುಂದೆ ಇಟ್ಟೆಯಲ್ಲ, ನಿಂಗೆ ಮನಸ್ಸಾದ್ರೂ ಹೆಂಗೆ ಬಂತು?"

ಮಾವ ಉಗ್ರಪ್ಪನ ಕಡೆ ನೋಡಿದ. ಸುಳ್ಳು ಅನ್ನಲಿ ಎಂದು ಕಾದ. ಉಗ್ರಪ್ಪ ಸ್ಟಿಯರಿಂಗ್ ನೋಡುತ್ತ, "ನಿಜಮೇ ಅಯ್ಯಾ," ಅಂದ. "ಅಷ್ಟು ಭಾರಕ್ಕೆ ಬ್ರೇಕ್ ತಾನೇ ಏನು ಮಾಡ್ತದೆ?"

ಬಾಗಿಲ ಮೇಲೆ ಬಣ್ಣ ಕಿತ್ತ ಉದ್ದದ ಗೀರು ಇತ್ತು. ಅದನ್ನು ನಾನು ಆಗ ನೋಡಿದೆ. ಒಳಗೆ ಹೋಗಿ ತೂಕ ನೋಡಿದೆ. ಹದಿನಾರು ಟನ್ ದಾಟಬಾರದ ಲಾರಿ ಇಪ್ಪತ್ತೊಂದು ತೂಗಿತು, ನನ್ನ ಹೆಂಡತಿ ಮಗುವೂ ಸೇರಿ. ಕೇಸು ಬರೆಯುವಾಗ ನನಗೆ ಮಾವನ ಮೇಲೆ ಇದ್ದ ಕೋಪಕ್ಕೆ ಪೆನ್ನಿನ ಮೊನೆ ಒತ್ತಿ ಕಾಗದ ಹರಿಯಿತು. ಇನ್ನೊಂದು ಕಾಗದ ತೆಗೆದುಕೊಂಡು ಬರೆದೆ.

ಹೊರಗೆ ಬಂದು ಕೂಲಿಯವರಿಗೆ, "ಹೆಚ್ಚಿಗೆ ಇರೋದ್ನ ಇಳಿಸ್ರಪ್ಪ," ಅಂದೆ.

"ಮೊದ್ಲು ಇದನ್ನ ಇಳಿಸ್ಕೊಳ್ಳಿ," ಎಂದು ಭ್ರಮರಾಂಬ ಕಿಟಕಿಯಿಂದ ಮಗುವನ್ನು ನನ್ನ ಕೈಗೆ ಕೊಟ್ಟಳು. ಅದು ಎಚ್ಚರಗೊಂಡು ನನ್ನ ಖಾಕಿ ಅಂಗಿಯ ಗುಂಡಿಯನ್ನು ಹಿಡಿದುಕೊಂಡಿತು. ಅವಳು ಟ್ರಂಕು ಹಿಡಿದು ತಾನೇ ಕೆಳಗಿಳಿದು, ನನಗೊಬ್ಬನಿಗೇ ಕೇಳುವಂತೆ, "ಅವತ್ತು ಬಾಯಿ ಬರ್ಲಿಲ್ಲ ರೀ," ಅಂದಳು. ಮಾವ ಮೂಗು ಹಿಡಿದದ್ದು ನನ್ನದು, ಬಾಯಿ ಬಿಟ್ಟದ್ದು ಅವನ ಮಗಳು!

ಮಂಡಿಯವರು ಮೆಲ್ಲಗೆ ಜಾಗ ಖಾಲಿ ಮಾಡಿದ್ದರು. ಮಾವ ಒಬ್ಬನೇ ಬಿಸಿಲಲ್ಲಿ ನಿಂತಿದ್ದ. ಅವನ ಸಿಟ್ಟು ಇಳಿದು ದನಿ ಗೋಗರೆಯತೊಡಗಿತ್ತು.

"ಅಮ್ಮಯ್ಯ, ಹೆತ್ತಪ್ಪನ ಮಾನ ಬೀದೀಲಿ ಕಳೀಬ್ಯಾಡ. ಜೀಪು ಹತ್ತು ಬಾ. ಲಾರಿ ಹಾಳಾಗಿ ಹೋಗ್ಲಿ, ನೀನು ನಡಿ ಮನೆಗೆ."

ಅವಳು ಟ್ರಂಕನ್ನು ನನ್ನ ಕಾಲ ಬಳಿ ಇಟ್ಟು, ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

"ಇಳಿಸಿದ ಲೋಡ್‌ನ ತಿರ್ಗ ಏರಿಸಂಗಿಲ್ಲ ಕಣಪ್ಪ. ರೂಲು. ಬೇಕಾದ್ರೆ ನಿನ್ನ ಅಳಿಯನ್ನೇ ಕೇಳು."

ಮಾವ ನನ್ನ ಕಡೆ ನೋಡಿದ.

"ಹೌದು ಮಾವ," ಅಂದೆ. "ರೂಲು."